ಮನೋರೋಗ ಆಸ್ಪತ್ರೆಯ ಹಾಸಿಗೆ ಮತ್ತು ಗ್ರಾಮ ಪಂಚಾಯತ್

ಸಾರ್ವಜನಿಕ ಮನೋರೋಗ ಆಸ್ಪತ್ರೆಗಳ ಸುಧಾರಣೆ ಎಂದೊಡನೆ ಹೊಸ ಕಟ್ಟಡ, ಹೆಚ್ಚಿನ ಹಾಸಿಗೆ, ಹೆಚ್ಚಿನ ವೈದ್ಯರು ಎಂಬ ಬೇಡಿಕೆಗಳು ಮುಂದೆ ಬರುತ್ತವೆ. ಅವು ನ್ಯಾಯವಾದುವೇ. ಆದರೆ ಒಂದು ಹಾಸಿಗೆ ವರ್ಷಕ್ಕೆ ಎಷ್ಟು ಮಂದಿಗೆ ಒದಗುತ್ತದೆ ಎಂಬುದು ಆಸ್ಪತ್ರೆಯೊಳಗೆ ಮಾತ್ರ ನಿರ್ಧಾರವಾಗುವುದಿಲ್ಲ. ರೋಗಿ ಯಾವ ಹಂತದಲ್ಲಿ ಬಂದರು, ಚೇತರಿಸಿಕೊಂಡ ಮೇಲೆ ಎಲ್ಲಿಗೆ ಮರಳಿದರು ಎಂಬುದನ್ನೂ ಅದು ಅವಲಂಬಿಸಿದೆ. ಇವೆರಡೂ ಗ್ರಾಮದಲ್ಲಿಯೇ ನಡೆಯುವ ಸಂಗತಿಗಳು.

ರಾಜ್ಯದಲ್ಲಿ ಮಾನಸಿಕ ಚಿಕಿತ್ಸೆಗೆಂದೇ ಬೆಳೆದ ದೊಡ್ಡ ಸಾರ್ವಜನಿಕ ಸಂಸ್ಥೆಗಳು ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್. ಬಿಜೈ ಬಸ್ ನಿಲ್ದಾಣದಿಂದ ಎರಡೂ ಮುನ್ನೂರು ಕಿಲೋಮೀಟರಿಗೆ ಮಿಕ್ಕಿದ ದಾರಿ. ಆದುದರಿಂದ ಸುಳ್ಯ, ಪುತ್ತೂರು ಕಡೆಯಿಂದ ಬಿಜೈಯಲ್ಲಿ ಬಂದಿಳಿಯುವ ಬಡ ಕುಟುಂಬಕ್ಕೆ ಹಂಪನಕಟ್ಟೆಯ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗವೇ ಆಸರೆ. ಅಲ್ಲಿಗೆ ಬರುವುದಕ್ಕೂ ರೋಗಿಯ ಜೊತೆಗೆ ಇನ್ನೊಬ್ಬರ ಒಂದು ದಿನದ ಕೂಲಿ ಹೋಗುತ್ತದೆ. ಎರಡು ಬಾರಿ ಬಂದವರು ಮೂರನೆಯ ಬಾರಿ ಬಾರದಿರುವುದಕ್ಕೆ ಅಲಕ್ಷ್ಯವೇ ಕಾರಣವೆಂದು ತಿಳಿಯಬಾರದು. ಔಷಧ ತಪ್ಪುತ್ತದೆ, ರೋಗ ಮರುಕಳಿಸುತ್ತದೆ, ಹೊರರೋಗಿಯಾಗಿ ಉಳಿಯಬಹುದಾಗಿದ್ದವರು ಒಳರೋಗಿಯಾಗುತ್ತಾರೆ.

ಈ ಸರಪಳಿಯನ್ನು ಕಡಿಯುವ ದಾರಿ ಕರ್ನಾಟಕಕ್ಕೆ ಹೊಸತಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಔಷಧವನ್ನು ಅಲ್ಲಿಯೇ ದೊರಕಿಸಿತು. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ರಾಜ್ಯದ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಜ್ಞರು ತಾಲೂಕು ಆಸ್ಪತ್ರೆಗೇ ಬರುವ ವ್ಯವಸ್ಥೆಯಿದೆ. ತಮ್ಮ ತಾಲೂಕಿನಲ್ಲಿ ಅದು ಯಾವ ಮಂಗಳವಾರ, ಔಷಧದ ದಾಸ್ತಾನು ಇದೆಯೇ ಎಂಬುದನ್ನು ಸದಸ್ಯರು ವೈದ್ಯಾಧಿಕಾರಿಗಳಿಂದ ಕೇಳಿ ತಿಳಿಯುವುದು ಯಾವ ಅನುದಾನವೂ ಬೇಡದ ಕೆಲಸ. ಹರಕೆ, ಪ್ರಾರ್ಥನೆಗಳು ಮನೆಯವರ ನಂಬಿಕೆಗೆ ಬಿಟ್ಟವು. ಅವು ನಡೆಯುತ್ತಿರುವಾಗಲೂ ಮಾತ್ರೆ ನಿಲ್ಲಬಾರದು, ಅಷ್ಟೆ.

ಹೆಚ್ಚು ಕಠಿನವಾದುದು ಮರಳಿ ಬರುವವರ ವಿಚಾರ. ಚೇತರಿಸಿಕೊಂಡರೂ ಕರೆದೊಯ್ಯುವವರಿಲ್ಲದೆ ಆಸ್ಪತ್ರೆಯಲ್ಲೇ ಉಳಿದವರ ಪ್ರಶ್ನೆ 2017ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತ್ತು. ಲೆಕ್ಕ ಸರಳವಾಗಿದೆ: ಸರಾಸರಿ ಮೂವತ್ತು ದಿನಗಳ ಚಿಕಿತ್ಸೆಯಾದರೆ ಒಂದು ಹಾಸಿಗೆ ವರ್ಷಕ್ಕೆ ಹನ್ನೆರಡು ಮಂದಿಗೆ ದೊರೆಯುತ್ತದೆ. ಗುಣವಾದ ಒಬ್ಬರು ವರ್ಷವಿಡೀ ಅಲ್ಲೇ ಉಳಿದರೆ ಆ ಹನ್ನೆರಡು ಮಂದಿಗೆ ಎಡೆಯಿಲ್ಲ. ಉಳಿದವರ ಬಾಳೂ ಅಲ್ಲೇ ಸವೆಯುತ್ತದೆ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಕಲಂ 19ರಂತೆ, ಕುಟುಂಬವಿಲ್ಲ ಅಥವಾ ಕುಟುಂಬ ಒಪ್ಪುತ್ತಿಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಮುಂದುವರಿಸುವಂತಿಲ್ಲ. ಮನೆಯವರು ಹಿಂಜರಿದಾಗ ವಾರ್ಡಿನ ಸದಸ್ಯರೊಬ್ಬರು ಹೋಗಿ ಮಾತನಾಡಿದರೆ ಆಗುವ ಪರಿಣಾಮ ಆಸ್ಪತ್ರೆಯ ಪತ್ರದಿಂದ ಆಗದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಮಾನಸಿಕ ಅಸ್ವಸ್ಥತೆಯನ್ನೂ ಅಂಗವೈಕಲ್ಯವೆಂದು ಪರಿಗಣಿಸುತ್ತದೆ. ಗುರುತಿನ ಚೀಟಿಗೆ ಅರ್ಜಿ ಹಾಕಿಸಲು ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಸೌಲಭ್ಯದ ಭರವಸೆ ಇದ್ದಲ್ಲಿ ಮನೆಯವರ ಹಿಂಜರಿಕೆಯೂ ತಗ್ಗುತ್ತದೆ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ 28 ಮಂದಿ ಓಡಲಾಗದೆ ಸತ್ತರು. ಇಂದು ಕಲಂ 95ರಂತೆ ಮನೋರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದು ನಿಷಿದ್ಧ. ಗ್ರಾಮದಲ್ಲಿ ಅಂತಹ ಪ್ರಸಂಗ ಕಂಡರೆ ಆ ಮನೆಯನ್ನು ದೂಷಿಸುವುದಕ್ಕೆ ಮುನ್ನ ಚಿಕಿತ್ಸೆ ಏಕೆ ತಲುಪಿಲ್ಲವೆಂದು ನೋಡಬೇಕು. ಬಹಳ ಸಲ ಅದು ಕ್ರೌರ್ಯಕ್ಕಿಂತ ನಿಸ್ಸಹಾಯಕತೆ. ದಿನದ 24 ಗಂಟೆಯೂ ಉಚಿತವಾಗಿರುವ ಟೆಲಿ ಮಾನಸ್ ಸಂಖ್ಯೆ 14416ರಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಚಿಕಿತ್ಸೆಯಲ್ಲಿರುವವರ ವಿವರ ಗೋಪ್ಯವಾಗಿರಬೇಕೆಂಬುದು ಅದೇ ಕಾಯ್ದೆಯ ಕಲಂ 23ರ ಆಶಯ. ಆದುದರಿಂದ ಗ್ರಾಮಸಭೆಯಲ್ಲಿ ಔಷಧ ಲಭ್ಯತೆಯ ಚರ್ಚೆ ನಡೆಯಬಹುದು, ಹೆಸರುಗಳನ್ನು ಓದುವಂತಿಲ್ಲ.