ನವಿಲುಗಳು ಗೆದ್ದ ಮೇಲೆ ಏನಾಯ್ತು? ಸಣ್ಣ ಕಾಲೇಜೊಂದರ ಬಾಸ್ಕೆಟ್‌ಬಾಲ್ ಕನಸಿನ ಲೆಕ್ಕ

ಅಮೆರಿಕದಲ್ಲಿ ಓದ್ತಿರೋ ಅಥವಾ ಕೆಲಸದಲ್ಲಿರೋ ನಿಮ್ಮ ಮನೆ ಮಕ್ಕಳನ್ನು ಮಾರ್ಚ್ ತಿಂಗಳಲ್ಲಿ ಮಾತಾಡಿಸಿ ನೋಡಿ. 'ಇಲ್ಲಿ ಎಲ್ಲರೂ ಕಾಲೇಜ್ ಬಾಸ್ಕೆಟ್‌ಬಾಲ್ ನೋಡ್ತಾ ಕೂತಿದ್ದಾರೆ' ಅಂತಾರೆ. ನಮ್ಮಲ್ಲಿ ಐಪಿಎಲ್ ಬಂದಾಗ ಹೇಗೋ, ಅಲ್ಲಿ ಮಾರ್ಚ್‌ನಲ್ಲಿ ಹಾಗೆ. ಇದಕ್ಕೆ 'ಮಾರ್ಚ್ ಮ್ಯಾಡ್‌ನೆಸ್' ಅಂತಲೇ ಹೆಸರು. ಆಡೋರು ಕಾಲೇಜು ಹುಡುಗರು, ಆದ್ರೆ ತಿರುಗೋ ದುಡ್ಡು ಕೋಟಿ ಕೋಟಿ ಡಾಲರ್.

ಈ ಟೂರ್ನಿಯಲ್ಲಿ ಸಣ್ಣ ಕಾಲೇಜುಗಳ ಆಸೆ ಎಷ್ಟು ನಿಜ, ಎಷ್ಟು ಕನಸು ಅಂತ ತಿಳಿಯೋಕೆ ಸೇಂಟ್ ಪೀಟರ್ಸ್ ವಿಶ್ವವಿದ್ಯಾಲಯದ ಕಥೆಗಿಂತ ಒಳ್ಳೆ ಉದಾಹರಣೆ ಸಿಗಲ್ಲ. ನ್ಯೂಜೆರ್ಸಿ ರಾಜ್ಯದ ಜೆರ್ಸಿ ಸಿಟಿಯಲ್ಲಿದೆ ಈ ಸಂಸ್ಥೆ. ನದಿ ದಾಟಿದರೆ ನ್ಯೂಯಾರ್ಕ್. ಭಾರತೀಯರ ದಿನಸಿ ಅಂಗಡಿ, ಸೀರೆ ಅಂಗಡಿ, ಹೋಟೆಲ್‌ಗಳು ಸಾಲಾಗಿರುವ 'ಇಂಡಿಯಾ ಸ್ಕ್ವೇರ್' ಇರೋದೂ ಇದೇ ಊರಲ್ಲಿ. 1872ರಲ್ಲಿ ಜೆಸ್ಯೂಟ್ ಪಾದ್ರಿಗಳು ಶುರು ಮಾಡಿದ ಕಾಲೇಜು, ಒಟ್ಟು ಮೂರು ಸಾವಿರದ ಆಸುಪಾಸು ವಿದ್ಯಾರ್ಥಿಗಳು. ತಂಡದ ಹೆಸರು ಪೀಕಾಕ್ಸ್, ಅಂದ್ರೆ ನವಿಲುಗಳು.

ಮೊದಲು ಟೂರ್ನಿ ಹೇಗೆ ನಡೆಯುತ್ತೆ ಅಂತ ಚುಟುಕಾಗಿ ಹೇಳಿಬಿಡೋಣ. ದೇಶದಲ್ಲಿ ಮೊದಲ ದರ್ಜೆಯ ಕಾಲೇಜು ತಂಡಗಳು 350ಕ್ಕೂ ಹೆಚ್ಚು. ಅವು ಮೂವತ್ತಕ್ಕೂ ಹೆಚ್ಚು ಲೀಗ್‌ಗಳಲ್ಲಿ ಹಂಚಿಹೋಗಿವೆ. ಲೀಗ್ ಚಾಂಪಿಯನ್ ಆದವರಿಗೆ ರಾಷ್ಟ್ರೀಯ ಟೂರ್ನಿಗೆ ನೇರ ಪ್ರವೇಶ, ಉಳಿದ ಜಾಗಕ್ಕೆ ಸಮಿತಿ ಆಯ್ಕೆ ಮಾಡುತ್ತೆ. ಸಮಿತಿ ಕಣ್ಣು ದೊಡ್ಡ ಲೀಗ್‌ಗಳ ಮೇಲೇ ಜಾಸ್ತಿ. ಹಾಗಾಗಿ ಸಣ್ಣ ಕಾಲೇಜಿಗೆ ಇರೋದು ಒಂದೇ ಬಾಗಿಲು: ತನ್ನ ಲೀಗ್‌ನ ಕೊನೆಯ ಟೂರ್ನಿ ಗೆಲ್ಲಬೇಕು. ವರ್ಷವಿಡೀ ಚೆನ್ನಾಗಿ ಆಡಿ ಆ ಮೂರ್ನಾಲ್ಕು ದಿನದಲ್ಲಿ ಒಂದು ಪಂದ್ಯ ಸೋತರೆ ಮುಗೀತು.

ಒಟ್ಟು 68 ತಂಡ. ನಾಲ್ಕು ವಿಭಾಗ, ಪ್ರತಿ ವಿಭಾಗದಲ್ಲಿ 1ರಿಂದ 16ರವರೆಗೆ ಶ್ರೇಯಾಂಕ. 1ನೇ ಶ್ರೇಯಾಂಕದ ತಂಡಕ್ಕೆ 16ನೆಯದು ಎದುರಾಳಿ, 2ಕ್ಕೆ 15. ಸೋತವರು ಮನೆಗೆ.

2022ರಲ್ಲಿ ಸೇಂಟ್ ಪೀಟರ್ಸ್ ಬಂದಿದ್ದು 15ನೇ ಶ್ರೇಯಾಂಕದಲ್ಲಿ. 'ಮಾಕ್' ಅನ್ನೋ ಸಣ್ಣ ಲೀಗ್ ಗೆದ್ದು, 19 ಗೆಲುವು 11 ಸೋಲಿನ ಸಾಧಾರಣ ದಾಖಲೆ ಹಿಡಿದು ಬಂದಿತ್ತು. ಅದಕ್ಕೂ ಮೊದಲು 1991, 1995, 2011ರಲ್ಲಿ ಈ ಟೂರ್ನಿಗೆ ಹೋಗಿದ್ದರೂ ಒಂದೇ ಒಂದು ಪಂದ್ಯ ಗೆದ್ದಿರಲಿಲ್ಲ.

ಎದುರಾಳಿ ಯಾರು ಗೊತ್ತಾ? ಕೆಂಟಕಿ. ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಆದ ತಂಡ. ಆಗ ಪತ್ರಿಕೆಗಳಲ್ಲಿ ಬಂದ ಲೆಕ್ಕ ನೋಡಿ: ಪುರುಷರ ಬಾಸ್ಕೆಟ್‌ಬಾಲ್‌ಗೆ ಕೆಂಟಕಿಯ ವರ್ಷದ ಖರ್ಚು 1.8 ಕೋಟಿ ಡಾಲರ್ ಮೀರಿತ್ತು. ಸೇಂಟ್ ಪೀಟರ್ಸ್‌ದು ಸುಮಾರು 16 ಲಕ್ಷ ಡಾಲರ್. ಕೆಂಟಕಿ ಕೋಚ್ ಒಬ್ಬರ ಸಂಬಳದಲ್ಲೇ ಇವರ ಇಡೀ ತಂಡವನ್ನ ನಾಲ್ಕೈದು ವರ್ಷ ಸಾಕಬಹುದಿತ್ತು.

ಮಾರ್ಚ್ 17ರ ಆ ಪಂದ್ಯ ಹೆಚ್ಚುವರಿ ಅವಧಿಗೆ ಹೋಯ್ತು. 85-79, ನವಿಲುಗಳಿಗೆ ಗೆಲುವು. ಡ್ಯಾರಿಲ್ ಬ್ಯಾಂಕ್ಸ್ 27 ಪಾಯಿಂಟ್ ಹೊಡೆದರೆ, ಮೀಸೆ ಹುಡುಗ ಡಗ್ ಎಡರ್ಟ್ ಬದಲಿ ಆಟಗಾರನಾಗಿ ಬಂದು 20 ಹೊಡೆದ. ಎರಡು ದಿನ ಬಿಟ್ಟು ಮರ್ರೇ ಸ್ಟೇಟ್ ವಿರುದ್ಧ 70-60. ಆಮೇಲೆ ಫಿಲಡೆಲ್ಫಿಯಾದಲ್ಲಿ ಪರ್ಡ್ಯೂ. ಆ ತಂಡದಲ್ಲಿ 7 ಅಡಿ 4 ಇಂಚಿನ ಆಸಾಮಿ ಇದ್ದ. ಅವರನ್ನೂ 67-64ರಲ್ಲಿ ಮುಗಿಸಿದರು. 15ನೇ ಶ್ರೇಯಾಂಕದ ತಂಡವೊಂದು ಕೊನೆಯ ಎಂಟಕ್ಕೆ ಬಂದಿದ್ದು ಈ ಟೂರ್ನಿಯಲ್ಲಿ ಅದೇ ಮೊದಲು. ಅಲ್ಲಿ ನಾರ್ತ್ ಕ್ಯಾರೊಲಿನಾ 69-49ರಿಂದ ಸೋಲಿಸಿತು. ಆ ದಿನ ಹುಡುಗರ ಕಾಲು ಏಳಲಿಲ್ಲ, ಅಷ್ಟೇ.

ಗೆದ್ದಿದ್ದು ಹೇಗೆ? ಪವಾಡ ಅಂದುಬಿಡೋದು ಸುಲಭ. ನಿಜ ಏನಂದ್ರೆ, ತಂಡದ ಮುಖ್ಯ ಆಟಗಾರರು ಒಂದೇ ಕೋಚ್ ಶಹೀನ್ ಹಾಲೋವೇ ಕೈಕೆಳಗೆ ವರ್ಷಗಟ್ಟಲೆ ಒಟ್ಟಿಗೆ ಪಳಗಿದ್ದರು. ಬಹುತೇಕರು ನ್ಯೂಜೆರ್ಸಿ, ನ್ಯೂಯಾರ್ಕ್ ಕಡೆಯವರೇ. ದೊಡ್ಡ ಕಾಲೇಜುಗಳಲ್ಲಿ ಒಂದೇ ವರ್ಷ ಆಡಿ ಎನ್‌ಬಿಎಗೆ ಹಾರೋ ಹುಡುಗರು ಇರ್ತಾರೆ. ಪ್ರತಿಭೆ ಅಲ್ಲಿ ಜಾಸ್ತಿ, ಒಗ್ಗಟ್ಟು ಇಲ್ಲಿ ಜಾಸ್ತಿ. ನಲವತ್ತು ನಿಮಿಷದ ಆಟದಲ್ಲಿ ಎದುರಾಳಿಗೆ ಉಸಿರಾಡೋಕೆ ಬಿಡದ ಹಾಗೆ ರಕ್ಷಣೆ ಮಾಡಿದರೆ, ಒಂದು ದಿನದ ಮಟ್ಟಿಗೆ ಈ ವ್ಯತ್ಯಾಸ ಸರಿಹೋಗುತ್ತೆ.

ಗೆದ್ದ ಮೇಲೆ ಖಾಲಿ

ಅಂಗಡಿ ಇಟ್ಟವರಿಗೆ ಮುಂದಿನ ಭಾಗ ಚೆನ್ನಾಗಿ ಅರ್ಥ ಆಗುತ್ತೆ. ಹುಡುಗನೊಬ್ಬನಿಗೆ ತೂಕ, ಲೆಕ್ಕ, ಗಿರಾಕಿ ಜೊತೆ ಮಾತು ಎಲ್ಲ ಕಲಿಸ್ತೀರಿ. ಚುರುಕಾದ ಅಂತ ಗೊತ್ತಾದ ದಿನ ಮೇನ್ ರೋಡಿನ ದೊಡ್ಡ ಅಂಗಡಿಯವರು ಎರಡು ಪಟ್ಟು ಸಂಬಳ ಹೇಳಿ ಕರ್ಕೊಂಡು ಹೋಗ್ತಾರೆ.

ನಾರ್ತ್ ಕ್ಯಾರೊಲಿನಾ ಪಂದ್ಯ ಆದ ಮೂರೇ ದಿನಕ್ಕೆ ಹಾಲೋವೇ ಸೀಟನ್ ಹಾಲ್‌ಗೆ ಹೊರಟರು. ಅದು ಅವರೇ ಓದಿ, ಆಡಿದ ಕಾಲೇಜು, ಸಂಬಳವೂ ಬಹಳ ಹೆಚ್ಚು. ತಪ್ಪು ಅನ್ನೋಕಾಗಲ್ಲ. ಹಿಂದೆಯೇ ಕೆಸಿ ಎನ್‌ಡೆಫೊ ಕೂಡ ಸೀಟನ್ ಹಾಲ್ ಸೇರಿದ. ಬ್ಯಾಂಕ್ಸ್ ಸೇಂಟ್ ಬೊನವೆಂಚರ್‌ಗೆ, ಎಡರ್ಟ್ ಬ್ರಯಂಟ್‌ಗೆ, ಮಾಲಿ ದೇಶದ ಅವಳಿ ಸೋದರರು ಲಾಸಾಲ್‌ಗೆ. ಊರೆಲ್ಲ ಹೊಗಳಿದ ತಂಡ ಕೆಲವೇ ವಾರಗಳಲ್ಲಿ ಚದುರಿ ಹೋಯ್ತು.

ಇದಕ್ಕೆ ಕಾರಣ ನಿಯಮದ ಬದಲಾವಣೆ. ಮೊದಲು ಕಾಲೇಜು ಬದಲಿಸಿದರೆ ಒಂದು ವರ್ಷ ಆಡೋ ಹಾಗಿರಲಿಲ್ಲ. 2021ರಲ್ಲಿ ಒಂದು ಸಲಕ್ಕೆ ವಿನಾಯಿತಿ ಕೊಟ್ಟರು, 2024ರಿಂದ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಜಾಹೀರಾತಿಂದ ದುಡಿಯೋಕೂ 2021ರಲ್ಲೇ ಅವಕಾಶ ಸಿಕ್ಕಿತು. ಟೂರ್ನಿ ನಡೀತಿರುವಾಗಲೇ ಎಡರ್ಟ್ ಒಂದು ಹೋಟೆಲ್ ಸರಣಿಯ ಜೊತೆ ಒಪ್ಪಂದ ಮಾಡಿಕೊಂಡಿದ್ದ. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ವರ್ಷಕ್ಕೆ ಒಂದು ಕಾಲೇಜಿಗೆ ಇರೋ ಮಿತಿ, ಎಲ್ಲಾ ಕ್ರೀಡೆ ಸೇರಿ, ಸುಮಾರು 2 ಕೋಟಿ ಡಾಲರ್. ಸೇಂಟ್ ಪೀಟರ್ಸ್‌ನ ಹಳೇ 16 ಲಕ್ಷ ಇದರ ಮುಂದೆ ಇಟ್ಟು ನೋಡಿ. ಇಷ್ಟು ವರ್ಷ ಬರೀ ಸ್ಕಾಲರ್‌ಶಿಪ್ ಮೇಲೆ ಆಡಿದ ಹುಡುಗರಿಗೆ ಕಾಸು ಸಿಗೋದು ನ್ಯಾಯವೇ. ಆದ್ರೆ ಪೆಟ್ಟು ಬಿದ್ದಿದ್ದು ಸಣ್ಣ ಕಾಲೇಜಿಗೆ.

ಹಾಗಾದ್ರೆ ಗೆದ್ದಿದ್ದರಿಂದ ಲಾಭ ಇಲ್ವಾ? ಇದೆ. ಫೈನಲ್ ಒಂದನ್ನು ಬಿಟ್ಟು ಟೂರ್ನಿಯಲ್ಲಿ ಆಡಿದ ಪ್ರತಿ ಪಂದ್ಯಕ್ಕೂ 'ಯೂನಿಟ್' ಅಂತ ಲೆಕ್ಕ. ಒಂದು ಯೂನಿಟ್ ಆರು ವರ್ಷದಲ್ಲಿ ಸುಮಾರು 20 ಲಕ್ಷ ಡಾಲರ್ ತರುತ್ತೆ. ನವಿಲುಗಳು ಆಡಿದ್ದು ನಾಲ್ಕು ಪಂದ್ಯ. ಆದ್ರೆ ಹಣ ನೇರ ಕಾಲೇಜಿಗಲ್ಲ, ಲೀಗ್‌ಗೆ ಬರುತ್ತೆ, ಅಲ್ಲಿಂದ ಹಂಚಿಕೆ. ಆಗ ಮಾಕ್‌ನಲ್ಲಿ ಇದ್ದಿದ್ದು 11 ಕಾಲೇಜು.

ಹೊಸ ಕೋಚ್ ಬಷೀರ್ ಮೇಸನ್ ಬಹುತೇಕ ಹೊಸ ಹುಡುಗರನ್ನ ಸೇರಿಸಿ ತಂಡ ಕಟ್ಟಬೇಕಾಯ್ತು. ಮೊದಲ ವರ್ಷ ಗೆಲುವಿಗಿಂತ ಸೋಲೇ ಹೆಚ್ಚು. 2024ರಲ್ಲಿ ಮತ್ತೆ ಮಾಕ್ ಗೆದ್ದರು, ಮತ್ತೆ 15ನೇ ಶ್ರೇಯಾಂಕ. ಈ ಸಲ ಟೆನ್ನೆಸ್ಸೀ 83-49ರಿಂದ ಹೊಡೆದು ಕಳಿಸಿತು. 2025ರಲ್ಲಂತೂ ಕೊನೆಯ ಹದಿನಾರಕ್ಕೆ ಬಂದ ಅಷ್ಟೂ ತಂಡಗಳು ನಾಲ್ಕೇ ದೊಡ್ಡ ಲೀಗ್‌ಗಳವು, ಸಣ್ಣವರು ಒಬ್ಬರೂ ಇಲ್ಲ.

ಆದರೂ ಬಾಗಿಲು ಮುಚ್ಚಿಲ್ಲ. 2023ರಲ್ಲಿ ಇದೇ ನ್ಯೂಜೆರ್ಸಿಯ ಫೇರ್ಲಿ ಡಿಕಿನ್ಸನ್, 16ನೇ ಶ್ರೇಯಾಂಕದಲ್ಲಿ ಬಂದು ಪರ್ಡ್ಯೂವನ್ನೇ ಸೋಲಿಸಿತ್ತು. ಅವರ ಕೋಚ್ ಮುಂದಿನ ವಾರವೇ ಬೇರೆ ಕಾಲೇಜಿಗೆ ಹೋದರು.