ಗ್ಲಾಮರೆಂಬ ಕಣ್ಣುಕಟ್ಟು

'ಗ್ಲಾಮರ್' ಎಂಬ ಆಂಗ್ಲ ಶಬ್ದವು ನಮ್ಮ ಪಟ್ಟಣಗಳಲ್ಲಿ ಕನ್ನಡದ ಮಾತೇ ಎಂಬಂತೆ ಸಂಚರಿಸುತ್ತಿರುವುದು ವಾಚಕರಿಗೆ ವಿದಿತವೇ ಇದೆ. ಚಲಚ್ಚಿತ್ರದ ನಟಿಯ ಉಡುಪನ್ನು ವರ್ಣಿಸುವುದಕ್ಕೆ ಅದು ಬೇಕು. ಚುನಾವಣೆಯ ಅಭ್ಯರ್ಥಿಯನ್ನು ಹೊಗಳುವುದಕ್ಕೂ ಅದೇ ಬೇಕು. ಇಷ್ಟು ಸಲೀಸಾಗಿ ನಾಲಗೆಯ ಮೇಲೆ ಕುಳಿತಿರುವ ಪದದ ಕುಲಗೋತ್ರವನ್ನು ತುಸು ವಿಚಾರಿಸುವುದು ಅನುಚಿತವಾಗಲಾರದು.

ಈ ಪದದ ತವರು ಸ್ಕಾಟ್ಲೆಂಡು. ಅದು ಹುಟ್ಟಿದ್ದು 'ಗ್ರಾಮರ್' ಎಂಬುದರಿಂದ, ಎಂದರೆ ವ್ಯಾಕರಣದಿಂದ! ವಿದ್ಯಾರ್ಥಿದಶೆಯಲ್ಲಿ ನಮ್ಮೆಲ್ಲರ ಬೆವರಿಳಿಸಿದ ಆ ಶಾಸ್ತ್ರದಲ್ಲಿ ಮೋಹಕತೆಯನ್ನು ಕಂಡವರು ಎಷ್ಟು ಮಂದಿಯೋ ನಾವರಿಯೆವು. ಮಧ್ಯಯುಗದ ಯೂರೋಪಿನಲ್ಲಿ ಗ್ರಾಮರೆಂದರೆ ಲ್ಯಾಟಿನ್ ವಿದ್ಯೆ. ಅಕ್ಷರವನ್ನರಿಯದ ಸಾಮಾನ್ಯರ ದೃಷ್ಟಿಯಲ್ಲಿ ಗ್ರಂಥವನ್ನು ಓದಬಲ್ಲವನು ಮಂತ್ರವನ್ನೂ ಬಲ್ಲವನೇ. ಫ್ರೆಂಚರು ವ್ಯಾಕರಣದ ಹೆಸರನ್ನೇ ತಿರುಚಿ ಮಾಂತ್ರಿಕನ ಪುಸ್ತಕವನ್ನು 'ಗ್ರಿಮ್ವಾರ್' ಎಂದು ಕರೆದರು. ಸ್ಕಾಟ್ ಜನರು ರಕಾರವನ್ನು ಲಕಾರ ಮಾಡಿ 'ಗ್ಲಾಮರ್' ಎಂದರು. ಅವರಲ್ಲಿ ಅದರ ಅರ್ಥ ಸೌಂದರ್ಯವಲ್ಲ, ಕಣ್ಣುಕಟ್ಟು. ಕವಿ ರಾಬರ್ಟ್ ಬರ್ನ್ಸನು 1789ರಲ್ಲಿ ಕ್ಯಾಪ್ಟನ್ ಗ್ರೋಸನನ್ನು ಕುರಿತು ಬರೆದ ಹಾಸ್ಯಪದ್ಯದಲ್ಲಿ ಈ ಎರಡು ಪದಗಳನ್ನೇ ಪ್ರಾಸವಾಗಿ ಜೋಡಿಸಿ, ಒಂದನ್ನು ಜಿಪ್ಸಿಗಳಿಗೂ ಇನ್ನೊಂದನ್ನು ಮಾಟಗಾರರಿಗೂ ಹಂಚಿರುವನು. 1805ರಲ್ಲಿ ಪ್ರಕಟವಾದ ವಾಲ್ಟರ್ ಸ್ಕಾಟನ 'ಲೇ ಆಫ್ ದಿ ಲಾಸ್ಟ್ ಮಿನ್‌ಸ್ಟ್ರೆಲ್' ಕಾವ್ಯದಿಂದ ಆ ಪದವು ಇಂಗ್ಲೆಂಡಿನಲ್ಲಿಯೂ ಬಳಕೆಗೆ ಬಂದಿತು. ಅಲ್ಲಿ ಮಂತ್ರಬಲದಿಂದ ಸೆರೆಮನೆಯ ಜೇಡರ ಬಲೆಯು ಅರಮನೆಯ ಚಿತ್ರವಸ್ತ್ರವಾಗಿ ತೋರುತ್ತದೆ. ಬಲೆ ಬಲೆಯಾಗಿಯೇ ಇದೆ. ಕೆಟ್ಟದ್ದು ನೋಡುವವನ ಕಣ್ಣು.

ಈ ಅರ್ಥವನ್ನು ಅಳಿಸಿದ ಕೀರ್ತಿ ಬಹುಮಟ್ಟಿಗೆ ಹಾಲಿವುಡ್ಡಿನದು. 1939ರಲ್ಲಿ ಅಮೆರಿಕದಲ್ಲಿ 'ಗ್ಲಾಮರ್ ಆಫ್ ಹಾಲಿವುಡ್' ಎಂಬ ಪತ್ರಿಕೆಯೇ ಹೊರಟಿತು. (ಕಲರ್, ಹಾನರ್ ಮೊದಲಾದವುಗಳ 'ಯು' ಅಕ್ಷರವನ್ನು ಕತ್ತರಿಸಿದ ಅಮೆರಿಕನ್ನರು ಈ ಪದದ 'ಯು'ವನ್ನು ಮಾತ್ರ ಸಾಮಾನ್ಯವಾಗಿ ಉಳಿಸಿಕೊಂಡರು. ಅವರೂ ಮರುಳಾದರೇನೋ!)

ಇದಕ್ಕೆ ಕನ್ನಡವೇನು? ಚೆಲುವು, ಸೊಬಗು, ಲಾವಣ್ಯ ಎಂದು ಬರೆಯುವವರುಂಟು. ನಾವು ಒಪ್ಪಲಾರೆವು. ಚೆಲುವು ವಸ್ತುವಿನಲ್ಲಿ ಇರತಕ್ಕದ್ದು. ಗ್ಲಾಮರು ನೋಡುವವನನ್ನು ಕವಿಯತಕ್ಕದ್ದು. 'ಮೋಡಿ' ಎಂಬುದೇ ತಕ್ಕ ಪದ. ಮೋಡಿಯೆಂದರೆ ಗಾರುಡಿಗನ ವಿದ್ಯೆ; ಕೂಡಿಸಿ ಬರೆಯುವ ಬರಹವೂ ಮೋಡಿಯೇ ಎಂಬುದನ್ನು ಹಳೆಯ ಕಡತಗಳನ್ನು ಕಂಡವರು ಬಲ್ಲರು. ಈ ಎರಡು ಅರ್ಥಗಳಿಗೂ ಮೂಲವೊಂದೇ ಎಂದು ನಾವು ಸಾಧಿಸಹೊರಟಿಲ್ಲ. ಆದರೆ ತನ್ನ ಜಮೀನಿನ ಲೆಕ್ಕವನ್ನೇ ಓದಲಾರದೆ ಶ್ಯಾನುಭೋಗರ ಮುಂದೆ ಕೈಕಟ್ಟಿ ನಿಂತ ರೈತನಿಗೆ ಅಕ್ಷರವೂ ಮಾಟವೂ ಬೇರೆಬೇರೆಯಾಗಿ ಕಂಡಿರಲಾರವು.

ಅಭ್ಯರ್ಥಿಗೆ ಗ್ಲಾಮರು ಉಂಟೆಂದು ಹೊಗಳುವ ಮಹನೀಯರು ಅದನ್ನೇ ಕನ್ನಡದಲ್ಲಿ ಹೇಳಿ ನೋಡಲಿ: 'ಇವರು ಜನರ ಕಣ್ಣು ಕಟ್ಟಬಲ್ಲರು.' ಇದು ಹೊಗಳಿಕೆಯೋ, ದೂರೋ? ಪರಭಾಷೆಯ ಪದದ ಮರೆಯಲ್ಲಿ ನಿಂತವರಿಗೆ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಮತ ಹಾಕತಕ್ಕವರಿಗಾದರೂ ಹುಟ್ಟಬೇಕಷ್ಟೆ.

2023ರಲ್ಲಿ ಆಕ್ಸ್‌ಫರ್ಡಿನ ಕೋಶಕಾರರು ವರ್ಷದ ಪದವೆಂದು 'ರಿಜ್' ಎಂಬುದನ್ನು ಆರಿಸಿದರು. ಕರಿಸ್ಮಾ ಎಂಬ ಪದದ ನಡುವಿನ ತುಂಡಂತೆ ಅದು. ನಮ್ಮ ತರುಣರು ಅದನ್ನೂ ಹೊತ್ತು ತಂದರೆ ಅದಕ್ಕೂ ಮೋಡಿಯೆಂಬ ಮಾತೇ ಸಾಕು.