ಲಾಕಪ್ಪಿನ ಮೊದಲ ಮೂರು ದಿನ

ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಪೂರ್ವಭಾಗ ವಿಜಯಪುರ ಜಿಲ್ಲೆಗೆ ಅಂಟಿಕೊಂಡಿದೆ. ಉಮದಿ, ಸಂಖದಂಥ ಊರುಗಳಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಠಾಣೆ ಉಮದಿಯಲ್ಲಿದೆ, ನ್ಯಾಯಾಲಯ ಜತ್ತದಲ್ಲಿದೆ, ಜಿಲ್ಲಾ ಕಾರಾಗೃಹ ಸಾಂಗಲಿಯಲ್ಲಿದೆ, ವೈದ್ಯಕೀಯ ಕಾಲೇಜು ಮಿರಜದಲ್ಲಿದೆ. ಇಲ್ಲಿ ಬಂಧನವಾದ ಮನುಷ್ಯ ಕೆಲವೇ ದಿನಗಳಲ್ಲಿ ಠಾಣೆಯ ಅಧಿಕಾರಿಯಿಂದ ನ್ಯಾಯಾಧೀಶರ ಮುಂದೆ, ಅಲ್ಲಿಂದ ಜೈಲಿನ ಸೂಪರಿಂಟೆಂಡೆಂಟರ ಸುಪರ್ದಿಗೆ ಹೋಗುತ್ತಾನೆ. ಅವನ ಸಕ್ಕರೆ ಕಾಯಿಲೆ, ಉಬ್ಬಸ, ಮೂರ್ಛೆರೋಗ ಕೂಡ ಅವನ ಜತೆಗೇ ಸಾಗುತ್ತವೆ. ಆದರೆ ಆ ಕಾಯಿಲೆಯ ಸುದ್ದಿ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆಂಬ ಖಾತ್ರಿಯಿಲ್ಲ. ಬಂಧನದಲ್ಲಿರುವವರ ವೈದ್ಯಕೀಯ ಹಕ್ಕು ಎಂದರೆ ಹೆಚ್ಚಿನವರಿಗೆ ವರ್ಷಗಟ್ಟಲೆ ಜೈಲಿನಲ್ಲಿದ್ದ ಮುದಿ ಕೈದಿಯ ಚಿತ್ರ ಕಣ್ಮುಂದೆ ಬರುತ್ತದೆ. ಅದು ನಿಜವೇ. ಆದರೂ ಜೀವಕ್ಕೆ ದೊಡ್ಡ ಗಂಡಾಂತರ ಅನೇಕ ಸಲ ಮೊದಲ 72 ಗಂಟೆಗಳಲ್ಲೇ ಇರುತ್ತದೆ.

ಮೊದಲು ಬುನಾದಿ. ಸಂವಿಧಾನದ 21ನೇ ವಿಧಿ ಕೊಟ್ಟ ಜೀವದ ಹಕ್ಕು ಜೈಲಿನ ಬಾಗಿಲಲ್ಲಿ ಕಳಚಿ ಬೀಳುವುದಿಲ್ಲ. ಅದು ಆರೋಪಿಗೂ ಇದೆ, ಶಿಕ್ಷೆಯಾದವನಿಗೂ ಇದೆ. 22ನೇ ವಿಧಿಯಂತೆ, ಪ್ರಯಾಣದ ಸಮಯ ಬಿಟ್ಟು, 24 ಗಂಟೆಯೊಳಗೆ ಬಂಧಿತನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಕಲಮು, ಆರೋಪಿಯನ್ನು ವಶದಲ್ಲಿಟ್ಟುಕೊಂಡವರೇ ಅವನ ಆರೋಗ್ಯ ಮತ್ತು ಸುರಕ್ಷತೆಯ ಕಾಳಜಿ ವಹಿಸಬೇಕೆಂದು ಹೇಳುತ್ತದೆ.

ಓದಿದವರೂ ಎಡವುವ ಜಾಗ ಇದರ ನಂತರ ಬರುತ್ತದೆ. ಬಂಧನವಾದ ಮೇಲೆ ಎರಡು ಬಗೆಯ ವೈದ್ಯಕೀಯ ತಪಾಸಣೆಗಳಿವೆ. ಸಂಹಿತೆಯ 51ನೇ ಕಲಮಿನದು ತನಿಖೆಗಾಗಿ, ಪೊಲೀಸರ ಕೋರಿಕೆಯ ಮೇಲೆ ನಡೆಯುವಂಥದ್ದು: ರಕ್ತದ ಮಾದರಿ, ಉಗುರಿನ ಮಾದರಿ ಇತ್ಯಾದಿ. 53ನೇ ಕಲಮಿನದು ಬಂಧಿತನಿಗಾಗಿ. ಬಂಧನವಾದ ಕೂಡಲೇ ಸರ್ಕಾರಿ ವೈದ್ಯಾಧಿಕಾರಿ, ಅವರು ಸಿಗದಿದ್ದರೆ ನೋಂದಾಯಿತ ವೈದ್ಯರು, ಅವನನ್ನು ನೋಡಬೇಕು. ಗಾಯಗಳಿದ್ದರೆ ಅವು ಆದ ಅಂದಾಜು ಸಮಯವನ್ನೂ ಬರೆಯಬೇಕು. ಬಂಧಿತಳು ಹೆಣ್ಣಾದರೆ ತಪಾಸಣೆ ವೈದ್ಯೆಯಿಂದ ಇಲ್ಲವೇ ವೈದ್ಯೆಯ ಮೇಲ್ವಿಚಾರಣೆಯಲ್ಲಿ ಆಗಬೇಕು. ಈ ವರದಿಯ ಪ್ರತಿ ಬಂಧಿತನಿಗೆ ಅಥವಾ ಅವನು ಹೆಸರಿಸಿದವರಿಗೆ ಸಲ್ಲಬೇಕು. ಹೊರಗೆ ಕಾದು ನಿಂತ ಅಣ್ಣನೋ ಅವ್ವನೋ ಆ ಪ್ರತಿಯನ್ನು ಹಕ್ಕಿನಿಂದ ಕೇಳಬಹುದೆಂಬುದು ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ. ತಪಾಸಣೆಯೆಂದರೆ ಪೊಲೀಸರ ಕೆಲಸ, ಆ ಕಾಗದ ಅವರದೇ ಎಂದುಕೊಂಡು ಜನ ಮನೆಗೆ ತಿರುಗುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಅಪಾಯಕಾರಿ. ಅದನ್ನು ಕೊಂಚ ನಿಧಾನವಾಗಿ ಬಿಡಿಸಬೇಕು.

ಸಂಜೆ ಜಗಳವಾಗಿದೆ, ಒಬ್ಬನನ್ನು ಠಾಣೆಗೆ ತಂದಿದ್ದಾರೆ ಎನ್ನಿ. ಬಾಯಿಯಿಂದ ಸಾರಾಯಿಯ ವಾಸನೆ, ತೊದಲು ಮಾತು, ಜೋಲುವ ನಡಿಗೆ. ‘ಕುಡದಾನ, ಮಲಗಲಿ ಬಿಡ್ರಿ, ಮುಂಜಾನಿ ಸರಿ ಆಕ್ಕಾನ’ ಎಂಬ ಮಾತು ಬರುತ್ತದೆ. ಅದರಲ್ಲಿ ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಆದರೆ ತೊದಲು ಮಾತು, ಮಂಪರು, ಸಿಡುಕು, ತೂರಾಟ ಇಷ್ಟೂ ರಕ್ತದ ಸಕ್ಕರೆ ಕುಸಿದಾಗಲೂ ಕಾಣುತ್ತವೆ. ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ಸೋರುವಾಗಲೂ ಕಾಣುತ್ತವೆ. ತಲೆಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ರಕ್ತ ತುಂಬಿಕೊಳ್ಳುವ ಗಾಯದಲ್ಲಿ ಕೆಲವೊಮ್ಮೆ ಮೋಸದ ಬಿಡುವೊಂದು ಬರುತ್ತದೆ: ಮನುಷ್ಯ ಎಚ್ಚರಗೊಂಡು ನೆಟ್ಟಗೆ ಮಾತಾಡುತ್ತಾನೆ, ನೀರು ಕೇಳುತ್ತಾನೆ, ಕೆಲವು ಗಂಟೆಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಕುಡಿದವನಿಗೆ ತಲೆಗೆ ಪೆಟ್ಟಾಗುವ ಸಾಧ್ಯತೆ ಹೆಚ್ಚೇ ಇರುವುದರಿಂದ ಸಾರಾಯಿಯ ವಾಸನೆ ಅನುಮಾನವನ್ನು ಹೆಚ್ಚಿಸಬೇಕೇ ಹೊರತು ತಗ್ಗಿಸಬಾರದು. ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆಯ ಮಟ್ಟ ನಿಮಿಷದೊಳಗೆ ಗೊತ್ತಾಗುತ್ತದೆ. ಗ್ರಾಮೀಣ ರುಗ್ಣಾಲಯದ ವೈದ್ಯರು ಕಣ್ಣಿನ ಪಾಪೆಗೆ ಬೆಳಕು ಹಿಡಿದು ನೋಡಿದರೆ ಮುಂದೆ ಮಿರಜಕ್ಕೆ ಓಡಬೇಕೋ ಬೇಡವೋ ತೀರ್ಮಾನಿಸಲು ನೆರವಾಗುತ್ತದೆ.

ಪೆಟ್ಟೂ ಇಲ್ಲ, ಸಕ್ಕರೆಯೂ ಸರಿಯಿದೆ ಎಂದರೂ ಕಥೆ ಮುಗಿಯುವುದಿಲ್ಲ. ವರ್ಷಗಟ್ಟಲೆ ದಿನವೂ ಕುಡಿದವನಿಗೆ ಲಾಕಪ್ಪಿನಲ್ಲಿ ಕುಡಿತ ಒಮ್ಮೆಲೇ ನಿಲ್ಲುತ್ತದೆ. ಮದ್ಯ ಮಿದುಳನ್ನು ಸದಾ ಹಿಂದಕ್ಕೆ ಜಗ್ಗುತ್ತಿದ್ದರೆ, ಮಿದುಳು ಅದಕ್ಕೆ ಸರಿಸಮನಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಆಚೆಯವರು ಥಟ್ಟನೆ ಹಗ್ಗ ಬಿಟ್ಟರೆ ಈಚೆಯವರು ಉರುಳುವಂತೆ, ಮದ್ಯ ನಿಂತೊಡನೆ ಆ ಉದ್ರೇಕ ಲಗಾಮಿಲ್ಲದೆ ಉಳಿಯುತ್ತದೆ. ಮೊದಲ ಆರೆಂಟು ಗಂಟೆಗಳಲ್ಲೇ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. 48ರಿಂದ 96 ಗಂಟೆಯ ನಡುವೆ ಕೆಲವರಿಗೆ ಸನ್ನಿ ಏರುತ್ತದೆ: ಇಲ್ಲದ ಹುಳು ಹುಪ್ಪಡಿ ಕಾಣುತ್ತವೆ, ಕೂಗಾಡುತ್ತಾರೆ, ಜ್ವರ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರುತ್ತದೆ. ಚಿಕಿತ್ಸೆಯೋ ಬಹಳ ಹಳೆಯದು, ಅಗ್ಗದ್ದು. ವೈದ್ಯರ ನಿಗಾದಲ್ಲಿ ಕೊಡುವ ಶಾಮಕ ಮಾತ್ರೆಗಳು ಮತ್ತು ಥಯಾಮಿನ್ ಎಂಬ ಬಿ1 ಜೀವಸತ್ವ ಸರ್ಕಾರಿ ಆಸ್ಪತ್ರೆಗೆ ದುಬಾರಿಯೇನಲ್ಲ.

ಈ ಗಂಟೆಗಳನ್ನು ಕಾನೂನಿನ ಗಂಟೆಗಳ ಪಕ್ಕದಲ್ಲಿಟ್ಟು ನೋಡಬೇಕು. ಫಿಟ್ಸ್‌ನ ಅಪಾಯ ಏರುವ ಹೊತ್ತಿಗೆ ಆರೋಪಿ ಜತ್ತದ ನ್ಯಾಯಾಲಯದ ವರಾಂಡದಲ್ಲಿರಬಹುದು. ಸನ್ನಿ ಏರುವ ಹೊತ್ತಿಗೆ ಸಾಂಗಲಿ ಜೈಲಿನ ಹೊಸ ಬರಾಕಿನಲ್ಲಿರಬಹುದು. ಅವನು ಮೂರು ದಿನದ ಹಿಂದಿನವರೆಗೆ ದಿನವೂ ಕುಡಿಯುತ್ತಿದ್ದನೆಂದು ಬಲ್ಲವರು ಅಲ್ಲಿ ಯಾರೂ ಇಲ್ಲ. ಅವನ ಕೂಗಾಟ ‘ನಾಟಕ’ವೆಂದೋ ‘ಗಲಾಟೆ’ಯೆಂದೋ ದಾಖಲಾಗುವ ಸಂಭವವೇ ಹೆಚ್ಚು. 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ವಶದಲ್ಲಿರುವವರನ್ನು 48 ಗಂಟೆಗೊಮ್ಮೆ ವೈದ್ಯರು ನೋಡಬೇಕೆಂದು ಆದೇಶಿಸಿತು. ಆ ನಿಯಮದ ಗುರಿ ಮುಖ್ಯವಾಗಿ ಹಿಂಸೆಯನ್ನು ತಡೆಯುವುದಾಗಿತ್ತು. ಆದರೆ ಅದನ್ನು ಮನಸ್ಸಿಟ್ಟು ಪಾಲಿಸಿದರೆ ಕುಡಿತ ನಿಂತವನ ಸನ್ನಿಯೂ ಸಕಾಲದಲ್ಲಿ ಕಣ್ಣಿಗೆ ಬೀಳುತ್ತದೆ. ಅದೇ ತೀರ್ಪಿನಂತೆ, ಬಂಧಿತ ಕೇಳಿದರೆ ಮೈಮೇಲಿನ ಸಣ್ಣ ದೊಡ್ಡ ಗಾಯಗಳನ್ನೆಲ್ಲ ಪತ್ರದಲ್ಲಿ ಬರೆದು, ಬಂಧಿತನೂ ಪೊಲೀಸ್ ಅಧಿಕಾರಿಯೂ ಸಹಿ ಹಾಕಿ, ಒಂದು ಪ್ರತಿಯನ್ನು ಅವನಿಗೆ ಕೊಡಬೇಕು.

ಮ್ಯಾಜಿಸ್ಟ್ರೇಟರ ಮುಂದಿನ ಐದು ನಿಮಿಷ ಇದಕ್ಕಾಗಿಯೇ ಬೆಲೆಯುಳ್ಳದ್ದು. 1983ರಲ್ಲಿ, ಮುಂಬಯಿಯ ಲಾಕಪ್ಪುಗಳಲ್ಲಿದ್ದ ಹೆಂಗಸರ ಸ್ಥಿತಿಯ ಬಗ್ಗೆ ಪತ್ರಕರ್ತೆ ಶೀಲಾ ಬರ್ಸೆ ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡ ಸುಪ್ರೀಂ ಕೋರ್ಟು, ಠಾಣೆಯಲ್ಲಿ ಹಿಂಸೆಯಾಯಿತೇ ಎಂದು ಮ್ಯಾಜಿಸ್ಟ್ರೇಟರು ತಾವಾಗಿಯೇ ಕೇಳಬೇಕು, ವೈದ್ಯಕೀಯ ತಪಾಸಣೆಯ ಹಕ್ಕನ್ನು ಬಂಧಿತನಿಗೆ ತಿಳಿಸಬೇಕು ಎಂದಿತು. ಕಾಯಿಲೆಯನ್ನೂ ಅಲ್ಲಿಯೇ ಹೇಳಬೇಕು. ಉಮದಿಯ ಮುದುಕಿಯೊಬ್ಬಳಿಗೆ ಎದೆನೋವನ್ನು ಮರಾಠಿಯಲ್ಲಿ ವಿವರಿಸಲು ಬಾರದಿದ್ದರೆ ಕನ್ನಡದಲ್ಲೇ ಹೇಳಲಿ. ‘ಸಾಹೇಬ್ರ, ನನಗ ಸಕ್ಕರಿ ಬ್ಯಾನಿ ಐತ್ರೀ, ನಿನ್ನಿಯಿಂದ ಗುಳಗಿ ಸಿಕ್ಕಿಲ್ಲ’ ಎಂಬಷ್ಟು ಮಾತು ಸಾಕು, ಜತ್ತದ ನ್ಯಾಯಾಲಯದಲ್ಲಿ ಅದನ್ನು ತಿಳಿದು ಹೇಳುವವರಿಗೆ ಬರವಿಲ್ಲ. ವಶದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವನ್ನು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಕೊಡುತ್ತದೆ. ಸಹಾಯವಾಣಿಯ ಸಂಖ್ಯೆ 15100.

ಜೈಲಿನ ಒಳಗೆ ಕಾಲಿಟ್ಟ ಮೇಲೆ ಏನು? 1894ರ ಕಾರಾಗೃಹ ಕಾಯ್ದೆಯನ್ನು ಬ್ರಿಟಿಷರು ಬರೆದದ್ದು ಕೈದಿಗಳ ಮೇಲಿನ ಪ್ರೀತಿಯಿಂದಲ್ಲ. ಆದರೂ ಅದರ 37ನೇ ಕಲಮು ಇಂದಿಗೂ ಓದಬೇಕಾದ್ದು. ವೈದ್ಯರನ್ನು ಕಾಣಬೇಕೆಂದು ಕೇಳಿದ ಕೈದಿಯ ಹೆಸರನ್ನೂ, ಕೇಳದಿದ್ದರೂ ದೇಹ ಅಥವಾ ಮನಸ್ಸಿನಿಂದ ಅಸ್ವಸ್ಥನಂತೆ ಕಾಣುವವನ ಹೆಸರನ್ನೂ ಕಾವಲಿನವರು ತಡಮಾಡದೆ ಜೈಲರಿಗೆ ಮುಟ್ಟಿಸಬೇಕು. ‘ಇವನದು ನಿಜವೋ ನಾಟಕವೋ’ ಎಂದು ತೀರ್ಪು ಕೊಡುವ ಅಧಿಕಾರ ಕಾವಲುಗಾರನಿಗೆ ಇಲ್ಲವೇ ಇಲ್ಲ. 38ನೇ ಕಲಮು ಇನ್ನೂ ಜಾಣತನದ್ದು: ವೈದ್ಯಾಧಿಕಾರಿಯ ನಿರ್ದೇಶನಗಳು ದಾಖಲಾಗಬೇಕು, ಪ್ರತಿಯೊಂದೂ ಪಾಲನೆಯಾಯಿತೋ ಇಲ್ಲವೋ ಎಂಬುದನ್ನು ಜೈಲರು ಪಕ್ಕದಲ್ಲೇ ತಾರೀಕಿನೊಂದಿಗೆ ಬರೆಯಬೇಕು. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳ 27ನೆಯದೂ ಇದೇ ದಾರಿಯದು. ವೈದ್ಯಕೀಯ ನಿರ್ಧಾರವನ್ನು ವೈದ್ಯರಲ್ಲದ ಜೈಲು ಸಿಬ್ಬಂದಿ ತಳ್ಳಿಹಾಕುವಂತಿಲ್ಲ.

ಹೊರಗಿನ ಆಸ್ಪತ್ರೆಗೆ ಒಯ್ಯುವಾಗ ತಡವಾಗುವುದು ಎಷ್ಟೋ ಸಲ ಬೆಂಗಾವಲಿನ ಪೊಲೀಸರಿಗಾಗಿ. ವೈದ್ಯರು ಚೀಟಿ ಬರೆದಿರುತ್ತಾರೆ, ಬಂದೋಬಸ್ತಿಗೆ ಬರಬೇಕಾದ ಪೊಲೀಸರು ಬೇರೆ ಕೆಲಸದಲ್ಲಿರುತ್ತಾರೆ. ಸಾಂಗಲಿಯಲ್ಲಿ ದೊಡ್ಡ ಸರ್ಕಾರಿ ಆಸ್ಪತ್ರೆ ಊರೊಳಗೇ ಇದೆ. ಅದಕ್ಕೆ ವಸಂತದಾದಾ ಪಾಟೀಲರ ಹೆಸರಿದೆ. 1943ರ ಜುಲೈ 24ರಂದು ಸಾಂಗಲಿ ಜೈಲನ್ನು ಒಡೆದು ಹೊರಬರುವಾಗ ಗುಂಡೇಟು ತಿಂದ, ಮುಂದೆ ಮಹಾರಾಷ್ಟ್ರದ ಮುಖ್ಯಮಂತ್ರಿಯಾದ ವಸಂತದಾದಾ ಇವರೇ. ಕೈದಿಯಾಗಿದ್ದವರ ಹೆಸರಿನ ಆಸ್ಪತ್ರೆಗೆ ಕೈದಿಗಳು ತಡವಾಗಿ ತಲುಪಬಾರದು.

ತಡವಾದರೆ ಏನಾಗುತ್ತದೆಂದು ಕನ್ನಡದ ಓದುಗರಿಗೆ ಸ್ನೇಹಲತಾ ರೆಡ್ಡಿಯವರ ಹೆಸರೊಂದೇ ನೆನಪಿಸಬಲ್ಲದು. 1970ರ ‘ಸಂಸ್ಕಾರ’ ಚಿತ್ರದ ಚಂದ್ರಿ ಅವರು. ತುರ್ತು ಪರಿಸ್ಥಿತಿಯಲ್ಲಿ, 1976ರ ಮೇ 2ರಂದು, ಬರೋಡಾ ಡೈನಮೈಟ್ ಪ್ರಕರಣದ ಜಾಡಿನಲ್ಲಿ ಅವರ ಬಂಧನವಾಯಿತು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಎಂಟು ತಿಂಗಳು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಕಳೆದರು. ಅವರಿಗೆ ತೀವ್ರ ಉಬ್ಬಸವಿತ್ತು. ಉಬ್ಬಸದಲ್ಲಿ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿದು, ಒಳಪೊರೆ ಊದಿ, ದಾರಿ ಕಿರಿದಾಗುತ್ತದೆ. ಮೊದಲ ಹಂತದಲ್ಲಿ ಔಷಧ ಸಿಕ್ಕರೆ ಬೇಗ ಸಡಿಲುತ್ತದೆ, ತಡವಾದಷ್ಟೂ ಉಸಿರೆಳೆಯುವ ಸ್ನಾಯುಗಳೇ ದಣಿದು ಸೋಲುತ್ತವೆ. ಅದೇ ಜೈಲಿನಲ್ಲಿದ್ದ ಮಹಾರಾಷ್ಟ್ರದ ಸಮಾಜವಾದಿ ಮಧು ದಂಡವತೆ, ರಾತ್ರಿಯ ನಿಶ್ಶಬ್ದದಲ್ಲಿ ಅವರ ಕೂಗು ಕೇಳುತ್ತಿತ್ತೆಂದು ಮುಂದೆ ನೆನೆದರು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಡುಗಡೆಯಾದ ಸ್ನೇಹಲತಾ, ಐದನೆಯ ದಿನ, 20ರಂದು, ತೀರಿಕೊಂಡರು. ಬಿಡುಗಡೆ ಬಂತು, ಆದರೆ ಚಿಕಿತ್ಸೆಯ ಹೊತ್ತು ಮೀರಿತ್ತು.

ಅದೇ ಬೆಂಗಳೂರು ಜೈಲಿನಿಂದ 1984ರಲ್ಲಿ ರಾಮಮೂರ್ತಿ ಎಂಬ ಕೈದಿ ದೇಶದ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಆ ಪತ್ರವೇ ಪ್ರಕರಣವಾಗಿ, 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಆರೋಗ್ಯದ ನಿರ್ಲಕ್ಷ್ಯ ಅವುಗಳಲ್ಲೊಂದು. ಕೋರ್ಟು ಕೊಟ್ಟ ಕಾರಣ ಮನಸ್ಸಿಗೆ ನಾಟುವಂಥದ್ದು: ಕೈದಿ ತನಗೆ ಬೇಕಾದ ವೈದ್ಯರ ಬಳಿ ತಾನೇ ಹೋಗಲಾರ, ಮೇಲಾಗಿ ಜೈಲುವಾಸವೇ ಅವನನ್ನು ಹೊರಗಿನವರಿಗಿಂತ ಹೆಚ್ಚಿನ ರೋಗಗಳಿಗೆ ಒಡ್ಡುತ್ತದೆ.

ಆ ತೀರ್ಪು ಬಂದು ಸುಮಾರು ಕಾಲು ಶತಮಾನದ ಬಳಿಕ ಫಾದರ್ ಸ್ಟ್ಯಾನ್ ಸ್ವಾಮಿಯವರ ಪ್ರಕರಣ ಬಂತು. 1975ರಿಂದ ದಶಕಕ್ಕೂ ಹೆಚ್ಚು ಕಾಲ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ನಡೆಸಿದ ಅವರು 2020ರ ಅಕ್ಟೋಬರಿನಲ್ಲಿ ನವಿ ಮುಂಬಯಿಯ ತಲೋಜಾ ಜೈಲು ಸೇರಿದರು. ಪಾರ್ಕಿನ್‌ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದೆ, ನವೆಂಬರಿನಲ್ಲಿ ಸ್ಟ್ರಾ ಮತ್ತು ಸಿಪ್ಪರಿಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಉತ್ತರ ಸಲ್ಲಿಸಲು ತನಿಖಾ ಸಂಸ್ಥೆ 20 ದಿನ ಕೇಳಿತು. 2021ರ ಮೇ ಕೊನೆಯಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಜುಲೈ 5ರಂದು ತೀರಿಕೊಂಡಾಗ ವಯಸ್ಸು 84, ಜಾಮೀನಿನ ಅರ್ಜಿ ಹೈಕೋರ್ಟಿನ ಮುಂದೆಯೇ ಇತ್ತು.

ಈ ವಿಷಯದಲ್ಲಿ ಕನ್ನಡದಲ್ಲಿ ಆಗಬೇಕಾದ ಅಧ್ಯಯನ ಬೆಟ್ಟದಷ್ಟಿದೆ. ಕಸ್ಟಡಿ ಸಾವನ್ನು 24 ಗಂಟೆಯೊಳಗೆ ತನಗೆ ತಿಳಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1993ರಲ್ಲೇ ಹೇಳಿದೆ. ಇಂಥ ಸಾವುಗಳ ಬಗ್ಗೆ ಮ್ಯಾಜಿಸ್ಟ್ರೇಟರ ವಿಚಾರಣೆಯೂ ನಡೆಯುತ್ತದೆ. ಮಿರಜದ ವೈದ್ಯಕೀಯ ವಿದ್ಯಾರ್ಥಿಗಳು, ಸಾಂಗಲಿ ಮತ್ತು ವಿಜಯಪುರದ ಕಾನೂನು ವಿದ್ಯಾರ್ಥಿಗಳು ಒಟ್ಟಿಗೆ ಕೂತು ಅಂಥ ವರದಿಗಳನ್ನು ಓದಲಿ. ಸಾವಿನ ಕಾರಣವೆಂದು ಕೊನೆಯ ಸಾಲಿನಲ್ಲಿ ಬರೆದ ರೋಗದ ಹೆಸರನ್ನು ನೋಡಿ ನಿಲ್ಲದಿರಲಿ. ಮೊದಲ ಸಲ ನೋವು ಹೇಳಿದ್ದು ಎಷ್ಟು ಗಂಟೆಗೆ, ಯಾವ ಭಾಷೆಯಲ್ಲಿ, ಯಾರಿಗೆ? ವೈದ್ಯರು ನೋಡಿದ್ದು ಯಾವಾಗ, ಚೀಟಿ ಬರೆದದ್ದು ಯಾವಾಗ, ಗಾಡಿ ಹೊರಟದ್ದು ಯಾವಾಗ? ಜೈಲಿನ ರಿಜಿಸ್ಟರು, ಠಾಣೆಯ ಡೈರಿ, ಆಸ್ಪತ್ರೆಯ ಕೇಸ್ ಪೇಪರು ಈ ಮೂರನ್ನೂ ಅಕ್ಕಪಕ್ಕ ಇಟ್ಟು ಗಂಟೆಗಳನ್ನು ಒಂದೇ ಕೋಷ್ಟಕದಲ್ಲಿ ಬರೆದರೆ, ತಡವಾದದ್ದು ಯಾವ ಕೈಬದಲಿನಲ್ಲಿ ಎಂಬುದು ಗೊತ್ತಾಗುತ್ತದೆ. ಈ ಕೆಲಸವನ್ನು ಜತ್ತದಂಥ ಒಂದು ತಾಲೂಕಿನಿಂದ ಆರಂಭಿಸಬಹುದು.